ಆರೂವರೆ ಬಕೆಟ್

ಎಡಕ್ಕೆ ವಾಲುತ್ತದೆ, ಅಂದ ವೆಂಡೆಲ್ ಬ್ರೂನ್.
ಟೋಪಿ ತೆಗೆಯಲಿಲ್ಲ, ಗಾಡಿಯಿಂದ ಇಳಿಯಲೂ ಇಲ್ಲ.
ನಾಲ್ಕು ಬೇಸಿಗೆಯಿಂದ ವಾಲುತ್ತಿದೆ.
ಮೊದಲು ಭಾವಮೈದುನನ ಮೇಲೆ ಹೊರಿಸಿದೆವು.
ಗೇಲಾರ್ಡ್. ನೋಡಿದ್ದೀಯಲ್ಲ, ಆಳು ಅಂದರೆ ಆಳು,
ಕೂರಲು ಎರಡು ಕುರ್ಚಿ ಬೇಕು.

ನೋಡಿದ್ದೆ. ಮಿನ್ನೆಸೋಟದ ಈ ಮೂಲೆಯಲ್ಲಿ
ಮೀನಿನ ಕಥೆಗಿಂತ ಬೇಗ ಓಡಿದ್ದು ಆ ಒಂದು ಮಾತು:
ಗೇಲಾರ್ಡ್ ಹತ್ತಿದರೆ ದೋಣಿ ಕೆರೆ ಕುಡಿಯುತ್ತದೆ.
ಜುಲೈ ನಾಲ್ಕರ ಪಟಾಕಿ ನೋಡಲು ಎಲ್ಲರೂ ತೇಲುವಾಗ
'ಬಲಕ್ಕೆ ಹೋಗು ಮಾವ, ಇನ್ನೂ ಬಲಕ್ಕೆ' ಎಂದು
ಮಕ್ಕಳೂ ಕೂಗುತ್ತಿದ್ದವು. ಅವನೂ ನಗುತ್ತಿದ್ದ,
ತಟ್ಟೆ ಎತ್ತಿಕೊಂಡು ಸರಿಯುತ್ತಿದ್ದ.
ಮೂರನೆಯ ವರ್ಷ ಬರಲಿಲ್ಲ.
ಅವನಿಲ್ಲದೆಯೂ ದೋಣಿ ವಾಲಿತು.

ಅದಕ್ಕೇ ತಂದೆ, ಅಂದ ವೆಂಡೆಲ್, ಬೇರೆಲ್ಲೋ ನೋಡುತ್ತ.

ಟ್ರೇಲರ್ ಮೇಲೆ ಎರಡು ಅಲ್ಯೂಮಿನಿಯಂ ಕೊಳವೆ,
ಅವುಗಳ ಬೆನ್ನಿಗೆ ಹಲಗೆ, ಸೋಫಾ, ಬಿಸಿಲಿಗೆ ಮಾಸಿದ ಛತ್ರಿ.
ಬೆರಳ ಗಿಣ್ಣಿನಿಂದ ತಟ್ಟುತ್ತ ಹೋದೆ,
ಕಲ್ಲಂಗಡಿ ಕೊಳ್ಳಲು ಬಂದವನಂತೆ.
ಬಲದ ಕೊಳವೆ ಖಾಲಿ ಕೊಡ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಿತು.
ಎಡಗಡೆ ಮೊದಲ ಕೋಣೆ ಠಣ್,
ಎರಡನೆಯದು ಠಣ್,
ಮೂರನೆಯದು ದೊಪ್.
ಜಲೋದರ.
ತುಂಬಿದ ಕೊಡ ತುಳುಕುವುದಿಲ್ಲವಂತೆ;
ಇದು ಅರೆ ತುಂಬಿ, ಅಲ್ಲಾಡಿಸಿದರೆ
ಒಳಗೊಳಗೇ ಹೊರಳಿ ತುಳುಕುತ್ತಿತ್ತು,
ಯಾರಿಗೂ ಒಂದು ಹನಿ ತೋರಿಸದೆ.

ಮೂತಿ ಎತ್ತಿ ನಿಲ್ಲಿಸಿ ಹಿಂದಿನ ಬಿರಡೆ ಬಿಚ್ಚಿದೆ.
ಮೊದಲು ಬಂದದ್ದು ಉಸಿರು,
ಪಾಚಿಯ, ತಣ್ಣನೆಯ ಲೋಹದ ವಾಸನೆ.
ಆಮೇಲೆ ನೀರು.
ಬಕೆಟ್ ಇಟ್ಟೆ. ವೆಂಡೆಲ್ ಈಗ ಇಳಿದು ಬಂದ.
ಒಂದು. ಎರಡು. ಚೆಲ್ಲುವುದು ನಾನು, ಎಣಿಸುವುದು ಅವನು.
ನಾಲ್ಕರ ಹೊತ್ತಿಗೆ ದನಿ ಕುಗ್ಗಿತು.
ಆರೂವರೆ.
ಬಕೆಟ್ಟಿಗೆ ನಲವತ್ತು ಪೌಂಡು ಹಿಡಿದರೂ...
ಲೆಕ್ಕ ನಾನು ಹೇಳಲಿಲ್ಲ.
ಅವನ ತುಟಿ ತಾನಾಗಿ ಗುಣಿಸುತ್ತಿತ್ತು.
'ಗೇಲಾರ್ಡ್ ಇನ್ನೂರ ಅರವತ್ತು' ಅಂದ.

ತೂತು ಹುಡುಕುವುದು ಬೇರೆಯೇ ಕೆಲಸ.
ಎರಡೇ ಪೌಂಡು ಗಾಳಿ ತುಂಬಿದೆ;
ಹೆಚ್ಚಾದರೆ ಬೆಸುಗೆ ಬಾಯಿ ಬಿಡುತ್ತದೆ.
ಪಾತ್ರೆ ತೊಳೆಯುವ ಸೋಪಿನ ನೀರು, ಸವೆದ ಬ್ರಷ್ಷು,
ಕೂಸಿಗೆ ಎಣ್ಣೆ ಹಚ್ಚಿದಂತೆ
ಹೊಟ್ಟೆಗೆ, ಬೆನ್ನಿಗೆ, ಸಂದುಗೊಂದಿಗೆ.
ಬಂಡೆ ತಾಗಿದ ಗೀರೊಂದು ಮೊಳದುದ್ದ ಇತ್ತು.
'ಅದೇ, ಅದೇ' ಅಂದ ವೆಂಡೆಲ್.
ಅಲ್ಲ. ಗೀರು ಬರೀ ಗೀರು.
ಹಲಗೆ ಹೊತ್ತ ಹಿಡಿಕೆಯ ಕೆಳಗೆ, ಬೆಸುಗೆಯ ಅಂಚಿನಲ್ಲಿ,
ಒಂದು ಗುಳ್ಳೆ.
ಒಡೆಯಿತು. ಮತ್ತೊಂದು.
ಸಾಸಿವೆಯೂ ತೂರಲಾರದ ತೂತು.

'ಇಷ್ಟರಿಂದ ಅಷ್ಟು?'

ಹಗಲ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ, ಅಂದೆ.
ಸಂಜೆ ಕೆರೆ ತಣ್ಣಗಾದರೆ ಉಸಿರು ಒಳಕ್ಕೆಳೆಯುತ್ತದೆ;
ಆ ಹೊತ್ತಿಗೆ ಬಾಯಿಗೆ ಅಲೆ ಸಿಕ್ಕರೆ ಅಲೆಯನ್ನೇ.
ದಿನಕ್ಕೊಂದು ಗುಟುಕು.
ಅದು ಭಾರಕ್ಕೆ ತಗ್ಗಿದಷ್ಟೂ ಅಲೆ ಹತ್ತಿರ.

ಉಜ್ಜಿದೆ, ಒಣಗಿಸಿದೆ, ಬೆಸೆದೆ.
ನೀಲಿ ಬೆಳಕಿಗೆ ಅವನು ಬೆನ್ನು ತಿರುಗಿಸಿ ನಿಂತ,
ಕಣ್ಣಿಗೆ ಕೆಟ್ಟದ್ದೆಂದು ನಾನೇ ಹೇಳಿದ್ದೆ.
ಬೆಳಕು ಆರಿದ ಮೇಲೂ ತಿರುಗಲಿಲ್ಲ.

ನೀರಿಗಿಳಿಸಿ ಪರೀಕ್ಷೆ ಮಾಡಬೇಕು, ಅಂದೆ.
ಎಡಗಡೆ, ಹಿಂದೆ, ಒಂದೆರಡು ಗಂಟೆ ಭಾರ ಬೇಕು.
ಮರಳಿನ ಚೀಲ ಇವೆ, ಐದಾರು ಇಟ್ಟರಾಯಿತು.

ಮರಳು ಬೇಡ, ಅಂದ ವೆಂಡೆಲ್.
ಜೇಬಿನಿಂದ ಫೋನ್ ತೆಗೆದ.
ಕನ್ನಡಕ ಹುಡುಕಿದ, ಅದು ಕೊರಳಲ್ಲೇ ತೂಗುತ್ತಿತ್ತು.
ನಾನು ಬಕೆಟ್ ತೊಳೆಯಲು ಹೋದೆ,
ತೊಳೆಯುವಂಥದ್ದೇನೂ ಅದರಲ್ಲಿರಲಿಲ್ಲ.